ಟವೆಲ್ ಇಟ್ಟು ಎದ್ದವರು

“ಐದು ನಿಮಿಷ ಸುಮ್ಮ ಕುಂತಾ ಅಂದ್ರ ಅಂವ ಸತ್ತಂಗ! ಸೋತ ಅಂತ ಬರಿ, ಆಟ ಮುಗಸು. ಇದಕ್ಯಾಕ ಇಷ್ಟ ಪುರಾಣ?”

“ನಾಲಿಗಿ ಹಿಡದು ಮಾತಾಡಲೇ ಮಾಲತೇಶ!” ಮುಬಶೀರ ಮೇಜು ಗುದ್ದಿದ. ಚಹಾದ ಲೋಟ ಉರುಳಿ ಅಂಕಿತಾಳ ಲ್ಯಾಪ್‌ಟಾಪಿನ ಕಡೆ ಹರಿಯಿತು. ಅವಳು ಲ್ಯಾಪ್‌ಟಾಪ್ ಎತ್ತಿ ಎದೆಗವಚಿಕೊಂಡಳು.

“ಏನ್ ಹಿಡದು ಮಾತಾಡ್ಲಿ? ನನ್ನ ಸರ್ವರ್ ಮೊದಲ ಮುದುಕ ಆಗೇತಿ. ಒಬ್ಬಂವ ಆಟ ಅರ್ಧಕ್ಕ ಬಿಟ್ಟು ಉಣ್ಣಾಕ ಹೊಕ್ಕಾನ, ಇನ್ನೊಬ್ಬಂವ ಮಲಗಾಕ ಹೊಕ್ಕಾನ. ಅವರ ಕುರಿ ಎಲ್ಲಾ ನಾ ಕಾಯ್ಕೋಂತ ಕುಂದ್ರಲೇನು?”

“ಕುರಿ ಕಾಯಾಕ ಆಗದಂವ ಈ ಆಟಕ್ಕ ಯಾಕ ಕೈ ಹಾಕಿದಿ?”

“ನಿನ್ನ ಮಾತ ಕೇಳಿ ಹಾಕಿದ್ನಲ್ಲ, ಚಪ್ಪಲಿಲೆ ಹೊಡಕೋಬೇಕು ನಾ!”

“ಕಾಕಾ, ಸಾವಕಾಶ,” ಎಂದಳು ಅಂಕಿತಾ. “ಕೆಳಗ ಅಂಗಡ್ಯಾಗ ಗಿರಾಕಿ ಅದಾರ.”

ಸವಣೂರಿನಲ್ಲಿ ಮುಬಶೀರನ ಕೇಬಲ್ ಆಫೀಸು ಒಂದು ಬಟ್ಟೆ ಅಂಗಡಿಯ ಮೇಲೆ ಇದೆ. ಅಲ್ಲಿ ನಾವು ನಾಲ್ಕು ಊರಿನ ಕೇಬಲ್‌ನವರು ಕೂತಿದ್ದೆವು. ಹಿರೇಕೆರೂರಿನ ನಾನು ಮಾಲತೇಶ, ಸವಣೂರಿನ ಮುಬಶೀರ, ಶಿಗ್ಗಾಂವಿಯ ಲೋಹಿತ, ಹಾನಗಲ್ಲಿನ ಅಂಕಿತಾ. ಅಂಕಿತಾಳ ಅಪ್ಪನೂ ನಾನೂ ಒಂದೇ ಕಾಲಕ್ಕೆ ಡಿಶ್ ಹಾಕಿ ಮನೆಮನೆಗೆ ಟಿವಿ ವಯರ್ ಎಳೆದವರು. ಈಗ ಆ ಊರಿನ ಕೆಲಸವನ್ನೆಲ್ಲ ಅವಳೇ ನೋಡಿಕೊಳ್ಳುತ್ತಾಳೆ. ಟಿವಿ ಹೋಗಿ ಇಂಟರ್ನೆಟ್ ಬಂತು. ನಮ್ಮ ಗಿರಾಕಿಗಳಿಗೆಂದು ನಾಲ್ಕೂ ಊರಿನಲ್ಲಿ ಒಂದೊಂದು ಸರ್ವರ್ ಇಟ್ಟು, ಚಾಟ್ ಮಾಡುವ ಒಂದು ಆ್ಯಪ್ ನಡೆಸುತ್ತಿದ್ದೆವು. ನಳಕ್ಕೆ ನೀರು ಬಂತೇ, ಕರೆಂಟು ಯಾವಾಗ ಬರುತ್ತದೆ, ಡಾಕ್ಟರ್ ಇದ್ದಾರೆಯೇ, ಇಂಥ ಮಾತಿಗೆ ಜನ ಅದನ್ನು ಬಳಸುತ್ತಿದ್ದರು.

ಅದರ ಮೇಲೆ ಹುಲಿ-ಕುರಿ ಆಟ ಕೂಡಿಸೋಣ ಎಂದವನು ಮುಬಶೀರ. ಮೂರು ಹುಲಿ, ಹದಿನೈದು ಕುರಿ. ಹುಲಿ ಕುರಿಯನ್ನು ಹಾರಿ ತಿನ್ನಬೇಕು, ಕುರಿಗಳು ಹುಲಿಯನ್ನು ಸುತ್ತುಗಟ್ಟಬೇಕು. ನಮ್ಮ ಸೀಮೆಯಲ್ಲಿ ಈ ಆಟದ ಗೆರೆ ಕೊರೆಯದ ಕಟ್ಟೆಯ ಕಲ್ಲು ಇಲ್ಲ.

ಚಾಟ್ ಅಂದರೆ ಒಂದು ಊರಿನ ಸರ್ವರ್ ಇನ್ನೊಂದು ಊರಿನ ಸರ್ವರಿಗೆ ಮಾತು ದಾಟಿಸುವುದು, ಅಷ್ಟೇ. ಆ ಮಾತಿನ ಬೆನ್ನಿಗೆ ಈಗ ಆಟದ ಚೀಟಿ ಕಟ್ಟಬೇಕಿತ್ತು. ಆಡೋಣ ಬಾ, ಬಂದೆ, ಇಲ್ಲಿಂದ ಅಲ್ಲಿಗೆ ನಡೆಸಿದೆ, ಗೆದ್ದೆ, ಸೋತೆ. ಹಳೆಯ ಆ್ಯಪ್ ಇಟ್ಟುಕೊಂಡವನ ಫೋನಿಗೆ ಈ ಚೀಟಿ ಓದಲು ಬರದಿದ್ದರೆ ಅದು ಸುಮ್ಮನೆ ಬಿದ್ದಿರಬೇಕು, ಅವನ ಮಾಮೂಲು ಮಾತು ಕೆಡಬಾರದು. ಚೀಟಿಯಲ್ಲಿ ಏನೇನು ಇರಬೇಕು, ಯಾವ ಚೀಟಿಗೆ ಯಾವ ಚೀಟಿ ಉತ್ತರ ಎಂದು ನಾಲ್ಕೂ ಊರು ಒಪ್ಪಿಕೊಂಡರೆ ಅದೇ ಪ್ರೋಟೋಕಾಲ್. ಪ್ರೋಗ್ರಾಮ್ ಬರೆಯುವುದು ಅಂಕಿತಾಳಿಗೆ ಕಷ್ಟವಿರಲಿಲ್ಲ. ನಾವು ನಾಲ್ವರು ಒಪ್ಪುವುದೇ ಕಷ್ಟವಿತ್ತು.

ಅಂದಿನ ಜಗಳ ಇದರ ಬಗ್ಗೆ: ಆಡುತ್ತ ಆಡುತ್ತ ಒಬ್ಬ ಸುಮ್ಮನಾದರೆ ಏನು ಮಾಡಬೇಕು?

ನಾನು ಇನ್ನೊಂದು ಮಾತು ಹಾಕಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಮೂಲೆಯ ಕುರ್ಚಿ ಕಿರುಗುಟ್ಟಿತು. ದಸ್ತಗೀರಸಾಬ ಎದ್ದು ನಿಂತಿದ್ದ.

ಮುಬಶೀರನ ಅಣ್ಣ ಅವನು. ಸವಣೂರಿನ ಎಲೆ ಪೇಟೆಯಲ್ಲಿ ವೀಳ್ಯದೆಲೆಯ ಹರಾಜು ಕೂಗುತ್ತಿದ್ದ. ಅವನು ಪೇಟೆಯಲ್ಲಿ ಕೂಗಿದರೆ ಬಸ್‌ಸ್ಟ್ಯಾಂಡಿನಲ್ಲಿ ನಿಂತವನು ಅವತ್ತಿನ ಎಲೆಯ ದರ ಹೇಳುತ್ತಿದ್ದ, ಅಂಥ ಗಂಟಲು. ಆ ಗಂಟಲಿನಲ್ಲೇ ಗಡ್ಡೆಯಾಯಿತು. ಹುಬ್ಬಳ್ಳಿಯಲ್ಲಿ ಆಪರೇಶನ್ ಮಾಡಿ ಧ್ವನಿಪೆಟ್ಟಿಗೆಯನ್ನೇ ತೆಗೆದರು. ಜೀವ ಉಳಿಯಿತು. ಈಗ ಕುತ್ತಿಗೆಯಲ್ಲಿರುವ ತೂತಿನಿಂದ ಉಸಿರಾಡುತ್ತಾನೆ, ಅದು ಕಾಣದಂತೆ ಯಾವಾಗಲೂ ಟವೆಲ್ ಸುತ್ತಿರುತ್ತಾನೆ. ಆಪರೇಶನ್ ಆದಮೇಲೆ ಪೇಟೆಯ ಕಡೆ ಕಾಲಿಟ್ಟಿರಲಿಲ್ಲ. ಬೆಳಿಗ್ಗೆ ತಮ್ಮನ ಆಫೀಸಿಗೆ ಬಂದು, ಬ್ಯಾಟರಿಗಳ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಗೋಡೆಗೆ ಮುಖ ಮಾಡಿ ಕೂತರೆ ಸಂಜೆಗೇ ಏಳುತ್ತಿದ್ದ. ಯಾರಾದರೂ ಹಳೆಯ ಪರಿಚಯದವರು ಮೆಟ್ಟಿಲು ಹತ್ತಿದರೆ ಫೋನ್ ನೋಡುವವನ ಹಾಗೆ ತಲೆ ಬಗ್ಗಿಸುತ್ತಿದ್ದ. ಅಂಕಿತಾ ಪರೀಕ್ಷೆಗೆಂದು ಹಾಕಿದ ಆಟವನ್ನು ಮೊದಲು ಹಿಡಿದು ಕೂತವನು ಅವನೇ. ಮುಬಶೀರ ಈ ಆಟಕ್ಕೆ ಯಾಕೆ ಜೀವ ಬಿಡುತ್ತಿದ್ದಾನೆಂದು ನನಗೆ ಗೊತ್ತಾಗಬೇಕಿತ್ತು.

ಸುಮ್ಮನೆ ಕೂತವನು ಸತ್ತಂತೆ ಎಂದು ನಾನು ಅವನ ಎದುರಿಗೇ ಕೂಗಿದ್ದೆ.

ದಸ್ತಗೀರಸಾಬ ಕುತ್ತಿಗೆಯ ಟವೆಲ್ ಬಿಚ್ಚಿದ. ನಾನು ಕ್ಯಾಲೆಂಡರ್ ಕಡೆ ನೋಡಿದೆ. ಲೋಹಿತ ನೆಲ ನೋಡಿದ. ದಸ್ತಗೀರಸಾಬ ಟವೆಲನ್ನು ನಾಲ್ಕು ಮಡಿಕೆ ಮಾಡಿ, ತಾನು ಕೂತಿದ್ದ ಕುರ್ಚಿಯ ಮೇಲಿಟ್ಟು, ಬಾಗಿಲಿನ ತನಕ ಹೋಗಿ ನಿಂತ. ಅಲ್ಲಿಂದ ಟವೆಲಿನ ಕಡೆ ಬೆರಳು ತೋರಿಸಿದ. ಆಮೇಲೆ ಅಂಕಿತಾಳ ಲ್ಯಾಪ್‌ಟಾಪಿನ ಕಡೆ. ಆಮೇಲೆ ನನ್ನ ಮುಖದ ಮುಂದೆ ಬಂದು ಆ ಬೆರಳನ್ನು ಅತ್ತ ಇತ್ತ ಆಡಿಸಿದ. ಅವನ ಉಸಿರು ಕುತ್ತಿಗೆಯಲ್ಲಿ ಸೀಟಿಯಂತೆ ಕೇಳಿಸುತ್ತಿತ್ತು.

“ಎಲಿ ಪ್ಯಾಟಿಯ ಕಟ್ಟಿ ಮ್ಯಾಲ ಹಂಗ ಐತಿ ರಿವಾಜು,” ಎಂದ ಮುಬಶೀರ. ಅವನ ದನಿ ಇಳಿದಿತ್ತು. “ಆಟ ಆಡುವಾಗ ಎಲಿ ಗಾಡಿ ಬರತೈತಿ. ಏಳಬೇಕಾಗತೈತಿ. ಟವೆಲ್ ಇಟ್ಟು ಏಳ್ತಾರ. ಟವೆಲ್ ಇರೂತನಕ ಹಲಗಿ ಯಾರೂ ಮುಟ್ಟೂದಿಲ್ಲ. ಆಟ ಸಾಕು ಅಂದಂವ ಟವೆಲ್ ಝಾಡಿಸಿ ಹೆಗಲಿಗೆ ಹಾಕ್ಕೊಂಡು ಹೊಕ್ಕಾನ.”

“ಟವೆಲ್ ಇಟ್ಟಂವ ಬರದ ಹ್ವಾದ್ರ?” ಲೋಹಿತ ಕೇಳಿದ.

“ಸಂಜಿ ಆಗೂತನಕ ಬರಲಿಲ್ಲ ಅಂದ್ರ ಏನರ ತೊಂದ್ರಿ ಆಗೇತಿ ಅಂತ ಲೆಕ್ಕ. ಎದುರಿಗೆ ಕುಂತಂವ ಆ ಟವೆಲ್ ಮಡಚಿ ಅವನ ಮನಿಗೆ ಒಯ್ದು ಮುಟ್ಟಸಬೇಕು. ಜಗಳ ಇರಲಿ, ಸಿಟ್ಟಿರಲಿ, ಒಯ್ಯಬೇಕು. ನಮ್ಮ ಅಬ್ಬಾ ತೀರಿಕೊಂಡಾಗೂ ಹಂಗ ಬಂತು ಟವೆಲ್ ಮನಿಗೆ.”

ಇದು ನನಗೂ ಗೊತ್ತಿದ್ದದ್ದೇ. ಚಿಕ್ಕೇರೂರಿನ ಶಾಲೆಯ ಕಟ್ಟೆಯ ಮೇಲೆ ನಾವು ಟೊಪ್ಪಿಗೆ ಇಟ್ಟು ಏಳುತ್ತಿದ್ದೆವು. ಆದರೆ ಸೋತು ಒಪ್ಪಿಕೊಳ್ಳುವುದು ನನ್ನಿಂದ ಆಗುವ ಕೆಲಸವಲ್ಲ.

“ಸರಿ, ಹಾಕು ಟವೆಲ್,” ಎಂದೆ ಅಂಕಿತಾಳಿಗೆ. “ಒಂದು ಚೀಟಿ ಹೆಚ್ಚಿಗಿ. ಆದ್ರ ನನ್ನ ಐದು ನಿಮಿಷ ನಾ ಬಿಡೂದಿಲ್ಲ. ಐದು ನಿಮಿಷ ಆಚೀ ಕಡೆಯಿಂದ ಸುದ್ದಿ ಬರಲಿಲ್ಲ ಅಂದ್ರ ಸರ್ವರ್ ತಾನ ಟವೆಲ್ ಇಡ್ಲಿ. ಸೋತ ಅನ್ನೂದು ಬ್ಯಾಡ. ಟವೆಲ್ ಇಟ್ಟು ಹೋಗ್ಯಾನ ಅನ್ಲಿ.”

“ಅದು ಛಲೋ ಅಲ್ಲ ಕಾಕಾ,” ಎಂದಳು ಅವಳು. “ಟವೆಲ್ ಕೈಲೆ ಇಡೂದು. ಇಡದಿದ್ದ ಟವೆಲ್ ಐತಿ ಅಂತ ಸರ್ವರ್ ಯಾಕ ಸುಳ್ಳ ಹೇಳಬೇಕು?”

“ಸುಳ್ಳಲ್ಲ, ಮರ್ಯಾದಿ! ಗಿರಾಕಿಗೆ ‘ಲೈನ್ ಸತ್ತೈತಿ’ ಅಂತ ತೋರಿಸಿ ನಮ್ಮ ಮಾನ ನಾವ ಕಳಕೋಬೇಕೇನು?”

ಅವಳು ಇನ್ನೂ ಏನೋ ಹೇಳುತ್ತಿದ್ದಳು. ನಾನು ದನಿ ಏರಿಸಿದೆ. ಅಷ್ಟರಲ್ಲಿ ಕೆಳಗಿನಿಂದ ಗಿರಮಿಟ್ಟಿನ ಪೊಟ್ಟಣ ಬಂದವು, ಎಲ್ಲರಿಗೂ ಹಸಿವಾಗಿತ್ತು. ನನ್ನ ಮಾತೇ ಉಳಿಯಿತು.

ಆಟ ಹೊರಗೆ ಬಂದಮೇಲೆ ನಾವು ಅಂದುಕೊಂಡದ್ದಕ್ಕಿಂತ ಚೆನ್ನಾಗಿ ಓಡಿತು. ಹಾನಗಲ್ಲಿನ ಹೆಣ್ಣುಮಕ್ಕಳು ಮಧ್ಯಾಹ್ನ ಅಡುಗೆ ಮುಗಿಸಿ ಕೂತು ಶಿಗ್ಗಾಂವಿಯವರ ಹುಲಿ ಕಟ್ಟಿಹಾಕಿದರು. ಹತ್ತಿಮತ್ತೂರಿನ ಒಬ್ಬ ಮಾಸ್ತರರು ಕುರಿ ತಿನ್ನಿಸಿಕೊಂಡು ಮುಬಶೀರನಿಗೆ ಫೋನ್ ಮಾಡಿ, ನಿಮ್ಮ ಆ್ಯಪ್ ಮೋಸ ಮಾಡುತ್ತದೆ ಎಂದು ಜಗಳ ತೆಗೆದರು. ಟವೆಲಿನ ಸಣ್ಣ ಚಿತ್ರ ಬರೆದವಳು ಅಂಕಿತಾ. ಕೆಂಪು ಅಂಚಿನ ಬಿಳಿ ಟವೆಲ್. ಅದನ್ನು ಕಂಡು ನಕ್ಕವರೆಲ್ಲ ಅದನ್ನೇ ಇಡಲು ಶುರುಮಾಡಿದರು.

ದಸ್ತಗೀರಸಾಬನಿಗೆ ಜೋಡಿ ಸಿಕ್ಕವನು ಮಾಸೂರಿನ ಫಕ್ಕೀರಪ್ಪ. ಮದಗದ ಕೆರೆಯ ಕೆಳಗೆ ಗದ್ದೆಗಳಿಗೆ ಕಾಲುವೆಯಿಂದ ನೀರು ಬಿಡುವ ಕೆಲಸ ಅವನದು. ನೀರು ಒಂದು ಗದ್ದೆ ತುಂಬುವತನಕ ಬದುವಿನ ಮೇಲೆ ಕೂರಬೇಕು, ಕೂತಾಗ ಆಟ. ಚಾಟಿನಲ್ಲಿ ಅವನು ತನ್ನ ಹೆಸರು ‘ಮದಗ’ ಎಂದು ಇಟ್ಟುಕೊಂಡಿದ್ದ. ದಸ್ತಗೀರಸಾಬ ‘ಎಲೆಪೇಟೆ’ ಎಂದು ಇಟ್ಟುಕೊಂಡಿದ್ದ. ಯಾವ ಊರಿನ ಸರ್ವರಿನವನು ಎಂದು ಕಾಣುತ್ತಿತ್ತು, ಅಷ್ಟು ಬಿಟ್ಟರೆ ಒಬ್ಬರ ಹೆಸರು ಒಬ್ಬರಿಗೆ ಗೊತ್ತಿರಲಿಲ್ಲ.

ಫಕ್ಕೀರಪ್ಪ ಬಾಯಿಬಡುಕ. ಒಂದು ಕಾಯಿ ನಡೆಸಿದರೆ ನಾಲ್ಕು ಮಾತು ಬರೆಯುತ್ತಿದ್ದ. ‘ನಿನ್ನ ಹುಲಿಗೆ ಹಲ್ಲ ಬಿದ್ದಾವ, ಗಂಜಿ ಕುಡಸು.’ ‘ಎಲ್ಲಿ ಹ್ವಾದ್ಯೋ, ಕುರಿ ಕಂಡು ಹೆದರಿ ಅಟ್ಟ ಹತ್ತಿದ್ಯೇನು?’ ಇವುಗಳನ್ನೆಲ್ಲ ಮುಬಶೀರ ನನಗೆ ಫೋನಿನಲ್ಲಿ ಓದಿ ಹೇಳುತ್ತಿದ್ದ. “ನಮ್ಮಣ್ಣ ನಗಾಕತ್ತಾನ ಮಾಲತೇಶ. ಸದ್ದಿಲ್ಲ. ಭುಜ ಅಷ್ಟ ಕುಣೀತಾವ. ಆದ್ರ ಅವಂಗ ಒಂದು ಅಕ್ಷರ ತಿರುಗಿ ಬರಿಯೂದಿಲ್ಲ. ಕಾಯಿ ನಡಸ್ತಾನ, ಮುಗೀತು.”

ಒಂದು ಸಲ ಫಕ್ಕೀರಪ್ಪ ತನ್ನ ದನಿಯನ್ನೇ ಕಳಿಸಿದ. ‘ಏ ಎಲಿಪ್ಯಾಟಿ, ಬರೇ ಆಟ ಆದ್ರ ಹೆಂಗ? ಒಮ್ಮಿ ಫೋನ್ ಹಚ್ಚು, ಮಾತಾಡೂಣು.’ ಅದನ್ನು ಕೇಳಿದ ದಸ್ತಗೀರಸಾಬ ಫೋನನ್ನು ಬೋರಲು ಹಾಕಿ ಅವತ್ತೆಲ್ಲ ಮುಟ್ಟಲಿಲ್ಲ. ತನಗೆ ಮಾತಿಲ್ಲವೆಂದು ತಿಳಿದರೆ ಆ ಮನುಷ್ಯ ಅಯ್ಯೋ ಪಾಪ ಅಂದಾನು, ಬಯ್ಯುವುದು ಬಿಟ್ಟಾನು ಎಂಬ ಭಯ. ಹಾಗೆಂದು ಮುಬಶೀರ ಹೇಳಿದ. “ಈ ಆಟ ಒಂದ ಐತಿ ಅವಂಗ. ಅಲ್ಲಿ ಅಂವ ಇನ್ನೂ ಮೊದಲಿನ ದಸ್ತಗೀರ. ಅದೂ ಹ್ವಾದ್ರ ನಮ್ಮಣ್ಣ ಪೂರ್ತಿ ಗೋಡಿ ಕಡೆ ತಿರಗ್ತಾನ.”

ಮಾಸೂರಿನ ಫಕ್ಕೀರಪ್ಪನ ಫೋನ್ ನನಗೆ ಬಂದಾಗ ನಾನು ಚಿಕ್ಕೇರೂರಿನಲ್ಲಿ ಕಂಬಕ್ಕೆ ಏಣಿ ಹಚ್ಚಿ ಹತ್ತಿದ್ದೆ. ಅವನು ನನ್ನ ಗಿರಾಕಿ.

“ಮಾಲತೇಶಪ್ಪಾ, ಆ ಸವಣೂರಿನಂವ ಟವೆಲ್ ಇಟ್ಟು ಎದ್ದಾನ. ನಿನ್ನಿ ಸಂಜಿ ಆತು, ಇವತ್ತ ಸಂಜಿ ಆಗಾಕ ಬಂತು. ಸುದ್ದಿನ ಇಲ್ಲ.”

“ನೆಟ್ ಹೋಗಿರಬೇಕ್ರಿ ಯಜಮಾನ್ರ. ಬರತೈತಿ.”

“ನೆಟ್ ಐತಪ್ಪ. ಬ್ಯಾರೇದವರ ಕೂಡ ಆಡಾಕತ್ತೇನಿ. ಮತ್ತ ನೆಟ್ ಹ್ವಾದ್ರ ನೆಟ್ ಹೋಗೇತಿ ಅಂತ ಬರೀಬೇಕು. ಇಲ್ಲಿ ಟವೆಲ್ ಐತಿ. ಟವೆಲ್ ತಾನ ನಡಕೊಂಡು ಬರತೈತೇನು?”

“ನಾ ಕಂಬದ ಮ್ಯಾಲ ಅದೇನ್ರಿ!”

“ಇಳಿಯಪ್ಪ, ಕಾಯ್ತೇನಿ. ಅವನ ಮನಿ ಎಲ್ಲಿ ಬರತೈತಿ ಅದರ ಹೇಳು.”

“ಸವಣೂರ ಕೇಬಲ್ ಆಫೀಸಿನ್ಯಾಗ ಕೇಳ್ರಿ!” ಎಂದು ಫೋನ್ ಕಟ್ ಮಾಡಿದೆ. ಕೈಯಲ್ಲಿ ಇಕ್ಕಳ, ಬಾಯಲ್ಲಿ ಟೇಪು. ಅಂಥ ಹೊತ್ತಿನಲ್ಲಿ ಟವೆಲಿನ ವಿಚಾರ ಯಾರು ಮಾಡುತ್ತಾರೆ?

ಮರುದಿನ ಬೆಳಿಗ್ಗೆ ಮುಬಶೀರನ ಫೋನು. ಹಲೋ ಇಲ್ಲ, ಏನಿಲ್ಲ.

“ನಿನ್ನ ಊರ ಕಡೇಂವ ಟವೆಲ್ ಇಟ್ಟು ಎರಡು ದಿನ ಆತು. ಬದುಕ್ಯಾನೋ ಸತ್ತಾನೋ ಹೇಳು.”

“ಯಾರು?”

“ಆ ‘ಮದಗ’! ನಮ್ಮಣ್ಣ ಊಟ ಬಿಟ್ಟಾನ. ಟವೆಲ್ ಒಯ್ದು ಮುಟ್ಟಸಬೇಕಲ್ಲ, ರಿವಾಜು. ಮುಂಜಾನೆ ಎದ್ದು ಯಾರಿಗೂ ಹೇಳದ ಬಸ್‌ಸ್ಟ್ಯಾಂಡಿಗೆ ಹೋಗ್ಯಾನ. ನಾ ಹುಡುಕ್ಕೋಂತ ಹ್ವಾದ್ರ ಕಟ್ಟಿ ಮ್ಯಾಲ ಕುಂತಾನ. ಹಾವೇರಿ ಬಸ್ ಬಂತು, ಹೋತು. ಮತ್ತೊಂದು ಬಂತು, ಹೋತು. ಹತ್ತಲಿಲ್ಲ. ಕಂಡಕ್ಟರಗ ಯಾವೂರು ಅಂತ ಹೆಂಗ ಹೇಳಬೇಕು ಅಂವ?”

ಕಂಬದ ಮೇಲೆ ಹೊಳೆಯದಿದ್ದದ್ದು ಈಗ ಹೊಳೆಯಿತು. ಸವಣೂರಿನವನು ಟವೆಲ್ ಇಟ್ಟಿದ್ದಾನೆಂದು ಮಾಸೂರಿನವನು ಹೇಳುತ್ತಾನೆ. ಮಾಸೂರಿನವನು ಇಟ್ಟಿದ್ದಾನೆಂದು ಸವಣೂರಿನವನು. ಇಬ್ಬರೂ ಕೂತೇ ಇದ್ದಾರೆ. ಹಾಗಾದರೆ ಎದ್ದವರು ಯಾರು?

ನಾನು ಸರ್ವರಿನ ಮುಂದೆ ಕೂತು ನೋಡಿದೆ. ಒಂದು ಊರಿನ ಸರ್ವರ್ ಇನ್ನೊಂದು ಊರಿನದರ ಜೊತೆ ಮಾತಾಡುವ ಮುಂಚೆ ತನ್ನ ಗುರುತಿನ ಪತ್ರ ತೋರಿಸಬೇಕು. ಕಾಲಕಾಲಕ್ಕೆ ಅದನ್ನು ಹೊಸದು ಮಾಡಬೇಕು. ನನ್ನದರ ಅವಧಿ ಮುಗಿದಿತ್ತು. ಉಳಿದ ಮೂರೂ ಊರಿನವು ನನ್ನ ಮುಖದ ಮೇಲೆ ಬಾಗಿಲು ಹಾಕಿಕೊಂಡಿದ್ದವು. ಹಿರೇಕೆರೂರಿನ ಒಳಗೆ ಎಲ್ಲ ಸರಿಯಾಗಿಯೇ ನಡೆದಿತ್ತು, ಅದಕ್ಕೇ ಯಾರಿಗೂ ತಿಳಿದಿರಲಿಲ್ಲ. ಬಾಗಿಲು ಮುಚ್ಚಿದೆ ಎಂದು ಫೋನಿನಲ್ಲಿ ಕಂಡಿದ್ದರೆ ಐದೇ ನಿಮಿಷದಲ್ಲಿ ಹತ್ತು ಜನ ನನ್ನನ್ನು ಬಯ್ಯುತ್ತಿದ್ದರು. ಆದರೆ ನಾನು ಹಾಕಿಸಿದ ನಿಯಮ ಬಾಗಿಲು ಮುಚ್ಚಿದ ಕಡೆಯಲ್ಲೆಲ್ಲ ಮರ್ಯಾದೆಯಿಂದ ಒಂದೊಂದು ಟವೆಲ್ ಹಾಸಿ ಕೂತಿತ್ತು.

ಮುಬಶೀರನಿಗೆ ಹೇಳಿದೆ. ಅವನು ಬಯ್ದ. ನಾನು ಕೇಳಿಸಿಕೊಂಡೆ.

“ಇದನ್ನ ನಮ್ಮಣ್ಣನ ಮುಂದ ಬಂದು ನಿನ್ನ ಬಾಯಿಲೆ ಹೇಳು,” ಎಂದ. “ನಾ ಹೇಳಿದ್ರ, ಸಮಾಧಾನಕ್ಕ ಹೇಳಾಕತ್ತಾನ ಅಂತಾನ. ನಂಬೂದಿಲ್ಲ.”

ಫಕ್ಕೀರಪ್ಪನಿಗೆ ಫೋನ್ ಹಚ್ಚಿದೆ, ಎತ್ತಲಿಲ್ಲ. ಬೈಕ್ ತೆಗೆದು ಹಾವೇರಿ ಮೇಲೆ ಹಾಯ್ದು ಸವಣೂರಿಗೆ ಹೋದೆ. ಅಂಕಿತಾಳೂ ಹಾನಗಲ್ಲಿನಿಂದ ಬಂದಿದ್ದಳು. ನಾನು ಒಳಗೆ ಕಾಲಿಟ್ಟ ಕೂಡಲೇ, “ಬರ್ರಿ ಕಾಕಾ, ಕುಂದ್ರ್ರಿ. ಟವೆಲ್ ಹಾಸಲೇನು?” ಎಂದಳು.

“ಹಾಸವ್ವ, ನಿನ್ನ ಕಾಲ ಬಂದೈತಿ,” ಎಂದೆ.

ದಸ್ತಗೀರಸಾಬ ಅದೇ ಕುರ್ಚಿಯಲ್ಲಿ ಗೋಡೆಗೆ ಮುಖ ಮಾಡಿ ಕೂತಿದ್ದ. ನಾನು ಅವನ ಪಕ್ಕಕ್ಕೆ ಹೋಗಿ ನಿಂತೆ. ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ.

“ಸಾಬರ, ಆ ಮನಷ್ಯಾ ಆರಾಮ ಅದಾನ. ಟವೆಲ್ ಅಂವ ಇಟ್ಟದ್ದಲ್ಲ, ನಾ ಇಡಿಸಿದ್ದು. ಈ ಹುಡುಗಿ ಅವತ್ತ ಬ್ಯಾಡ ಅಂದ್ಳು, ನಾ ಒದರಿ ಬಾಯಿ ಮುಚ್ಚಿಸಿದ್ನಿ. ನನ್ನ ಬೈರಿ.”

ಅವನು ನನ್ನನ್ನು ನೋಡಿದ. ಬಯ್ಯುವುದು ಹೇಗೆಂದು ಇಬ್ಬರಿಗೂ ತಿಳಿಯಲಿಲ್ಲ. ಕೊನೆಗೆ ನನ್ನ ಹಣೆಗೆ ಬೆರಳಿನಿಂದ ಟೊಕ್ ಎಂದು ಬಾರಿಸಿ ಮತ್ತೆ ಗೋಡೆಯ ಕಡೆ ತಿರುಗಿದ.

ನಾನೂ ಅಂಕಿತಾಳೂ ಕೆಲಸಕ್ಕೆ ಕೂತೆವು. ಟವೆಲ್ ಕೈಯಿಂದ ಇಟ್ಟರೆ ಮಾತ್ರ ಟವೆಲ್. ಸುದ್ದಿ ಬರದಿದ್ದರೆ ‘ಲೈನ್ ಇಲ್ಲ’ ಎಂದು ಕೆಂಪಕ್ಷರದಲ್ಲಿ ಬೇರೆ. ಯಾವ ಊರಿನ ಬಾಗಿಲು ಮುಚ್ಚಿದೆ, ಆ ಊರಿನ ಕೇಬಲ್‌ನವನ ನಂಬರು ಯಾವುದು, ಎಲ್ಲ ಅದರ ಕೆಳಗೇ. “ನಂಬರ್ ಬ್ಯಾಡ,” ಎಂದೆ. ಅಂಕಿತಾ ನನ್ನ ಮುಖ ನೋಡಿದಳು. “ಆತು, ಹಾಕು,” ಎಂದೆ.

ಆಗ ಮೆಟ್ಟಿಲ ಮೇಲೆ ಯಾರೋ ಏದುಸಿರು ಬಿಡುತ್ತ ಬಂದ ಸದ್ದಾಯಿತು.

“ಕೇಬಲ್ ಆಫೀಸು ಇದ ಏನ್ರಿ?”

ಫಕ್ಕೀರಪ್ಪ. ಬಿಳಿ ಪಂಚೆ ಮೊಣಕಾಲ ತನಕ ಎತ್ತಿ ಕಟ್ಟಿದ್ದ, ಕೈಯಲ್ಲೊಂದು ಬಟ್ಟೆಯಂಗಡಿಯ ಚೀಲ. ನನ್ನನ್ನು ಕಂಡು, “ಏ, ಕಂಬದ ಮ್ಯಾಲಿಂದ ಇಳದಿ?” ಎಂದ.

“ಯಜಮಾನ್ರ, ನೀವ್ಯಾಕ ಇಲ್ಲೀತನಕ…”

“ನೀನ ಹೇಳಿದ್ಯಲ್ಲೋ, ಸವಣೂರ ಕೇಬಲ್ ಆಫೀಸಿನ್ಯಾಗ ಕೇಳ್ರಿ ಅಂತ. ಮೂರು ಬಸ್ ಬದಲಿ ಮಾಡಿ ಬಂದೇನಿ, ಕೇಳಾಕ. ಇಲ್ಲಿ ಎಲಿಪ್ಯಾಟಿ ಅನ್ನಾಂವ ಯಾರು? ಅವನ ಮನಿ ತೋರಸ್ರಿ.” ಚೀಲದಿಂದ ಹೊಸ ಟವೆಲೊಂದನ್ನು ಹೊರಗೆ ತೆಗೆದ. “ಫೋನಿನ್ಯಾಗಿನ ಟವೆಲ್ ಮಡಚಾಕ ಬರಲಿಲ್ಲ. ಅದಕ್ಕ ಹಿರೇಕೆರೂರಾಗ ಒಂದು ತೊಗೊಂಡ್ನಿ. ಬರಿಗೈಲೆ ಹೆಂಗ ಹೋಗೂದು?”

ಮೂಲೆಯ ಕುರ್ಚಿ ಅಲುಗಲಿಲ್ಲ. ದಸ್ತಗೀರಸಾಬನ ಬೆನ್ನು ಇನ್ನಷ್ಟು ಬಾಗಿ, ತಲೆ ಬ್ಯಾಟರಿಗಳ ಹಿಂದೆ ಹೋಗಿತ್ತು. ಎರಡೂ ಕೈ ಕುತ್ತಿಗೆಯ ಟವೆಲನ್ನು ಬಿಗಿಯಾಗಿ ಹಿಡಿದಿದ್ದವು.

ಮುಬಶೀರ ಗಂಟಲು ಸರಿಮಾಡಿಕೊಂಡ. “ಅಂವ… ಊರಾಗಿಲ್ಲ…” ಎಂದು ಶುರುಮಾಡಿದ. ಅಣ್ಣನ ಸಲುವಾಗಿ ಸುಳ್ಳು ಹೇಳುತ್ತಿದ್ದಾನೆಂದು ಗೊತ್ತು. ಆದರೆ ಎರಡು ದಿನದಿಂದ ನನ್ನದೊಂದು ಸುಳ್ಳು ಟವೆಲ್ ಮಾಡಿದ ಅವಾಂತರ ಸಾಕಾಗಿತ್ತು.

“ಅಗೋ, ಆ ಮೂಲ್ಯಾಗ ಕುಂತಾರಲ್ಲ, ಅವರ,” ಎಂದೆ. “ಅವರಿಗೆ ಮಾತು ಬರೂದಿಲ್ರಿ. ಗಂಟಲ ಆಪರೇಶನ್ ಆಗೇತಿ.”

ಮುಬಶೀರ ನನ್ನನ್ನು ಕೊಲ್ಲುವವನಂತೆ ನೋಡಿದ. ಅಂಕಿತಾ ಕಣ್ಣು ಮುಚ್ಚಿಕೊಂಡಳು.

ಫಕ್ಕೀರಪ್ಪ ನಿಂತಲ್ಲಿಂದಲೇ ಆ ಬೆನ್ನನ್ನು ನೋಡಿದ. ಆಮೇಲೆ ಚಪ್ಪಲಿ ಬಿಟ್ಟು ಹೋಗಿ ಕುರ್ಚಿಯ ಪಕ್ಕದಲ್ಲಿ ನೆಲದ ಮೇಲೆ ಕೂತ.

“ಅದಕ್ಕ ಅಂತೇನಿ!” ಎಂದ. “ನಾ ಅಷ್ಟು ಬೈದ್ನಿ, ಬೈದ್ನಿ, ಒಂದು ಬೈಗಳ ತಿರುಗಿ ಬರಲಿಲ್ಲ. ಭಾರಿ ದೊಡ್ಡ ಮನಷ್ಯಾ ಇರಬೇಕು ಅಂತ ಹೆದರಿದ್ನಿ. ಈಗ ಗೊತ್ತಾತು. ಬೈಗಳ ಒಳಗ ಅದಾವ, ಹೊರಗ ಬರಾಕ ಹಾದಿ ಇಲ್ಲ!”

ಆಮೇಲೆ ದಸ್ತಗೀರಸಾಬನ ಭುಜ ಒಂದು ಸಲ ಕುಣಿಯಿತು. ಮತ್ತೊಂದು ಸಲ. ಕುತ್ತಿಗೆಯಲ್ಲಿ ಸೀಟಿ ಹೊಡೆದಂತಾಯಿತು. ಅವನು ಕುರ್ಚಿಯನ್ನು ಗೋಡೆಯಿಂದ ಇತ್ತ ತಿರುಗಿಸಿದ. ನಗುತ್ತಿದ್ದ, ಕಣ್ಣಲ್ಲಿ ನೀರೂ ಇತ್ತು.

“ತೊಗೋರಿ ನಿಮ್ಮ ಟವೆಲ್,” ಎಂದು ಫಕ್ಕೀರಪ್ಪ ಹೊಸ ಟವೆಲನ್ನು ಅವನ ತೊಡೆಯ ಮೇಲಿಟ್ಟ. “ಮುಟ್ಟಸಿದ್ನಿ. ಇನ್ನ ಆಟ ಮುಗಸೂಣೋ, ಹೆದರಿಕಿ ಐತೋ?”

ಅಂಕಿತಾ ಸೀಮೆಸುಣ್ಣ ಹುಡುಕಿ ಕೊಟ್ಟಳು. ನೆಲದ ಮೇಲೆ ಗೆರೆ ಎಳೆದು, ಫೋನಿನಲ್ಲಿ ನಿಂತಿದ್ದ ಆಟವನ್ನೇ ಹೂಡಿದರು. ರಿಮೋಟಿನ ಹಳೆಯ ಸೆಲ್‌ಗಳು ಹುಲಿಯಾದವು, ಕೇಬಲ್ ತುದಿಗೆ ಹಾಕುವ ಹಿತ್ತಾಳೆಯ ಕನೆಕ್ಟರುಗಳು ಕುರಿಯಾದವು. ಕ್ಷಣದಲ್ಲೇ ಜಗಳ ಹತ್ತಿತು. ಫಕ್ಕೀರಪ್ಪ ಒಂದು ಕುರಿಯನ್ನು ಮುಂದೆ ಇಟ್ಟ. ದಸ್ತಗೀರಸಾಬ ಅದನ್ನು ಹಿಂದಕ್ಕೆ ಸರಿಸಿದ. “ನಾ ಇಲ್ಲೇ ಇಟ್ಟಿದ್ನಿ!” ಎಂದ ಅವನು. ಇವನು ತಲೆಯಾಡಿಸಿ ನೆಲ ಗುದ್ದಿದ. ಅಂಕಿತಾ ಎರಡೂ ಸರ್ವರಿನಲ್ಲಿ ಹುಡುಕಿ ನೋಡಿ, “ಅಜ್ಜಾರ, ನೀವು ಇಟ್ಟದ್ದು ಖರೆ. ಆದ್ರ ಅದು ಹಿರೇಕೆರೂರ ದಾಟಿಲ್ಲ,” ಎಂದಳು.

“ಯಾಕ ದಾಟಿಲ್ಲ?”

ಎಲ್ಲರೂ ನನ್ನನ್ನು ನೋಡಿದರು. ನಾನು ಚಹಾ ಹೇಳಲು ಕೆಳಗೆ ಹೋದೆ.

ಆಟ ಫಕ್ಕೀರಪ್ಪನದಾಯಿತು. ಕೊನೆಯ ಹುಲಿಯನ್ನು ಕುರಿಗಳು ಮೂಲೆಗೆ ಒತ್ತಿ ನಿಲ್ಲಿಸಿದಾಗ ದಸ್ತಗೀರಸಾಬ ತೊಡೆ ತಟ್ಟಿಕೊಂಡ. ಸೋತವನ ಹಾಗೆ ಇರಲಿಲ್ಲ ಅವನ ಮುಖ. ಫಕ್ಕೀರಪ್ಪ ಮೊಣಕಾಲು ಹಿಡಿದುಕೊಂಡು ಎದ್ದ.

“ಬಸುರಿ ಮಗಳ ಕುಬಸ ಐತ್ರಿ ಬರೂ ವಾರ,” ಎಂದ. “ಸವಣೂರಿಗೆ ಬಂದು ಎಲಿ ಒಯ್ಯದ ಹ್ವಾದ್ರ ಮನ್ಯಾಗ ಒಳಗ ಬಿಡೂದಿಲ್ಲ. ಎಲಿಪ್ಯಾಟಿ ಅಂತ ಹೆಸರು ಇಟ್ಟಕೊಂಡೀರಿ, ಎಲಿ ಗೊತ್ತೈತೋ ಬರೇ ಹೆಸರೋ?”

ಮುಬಶೀರ ಏನೋ ಹೇಳಹೋದ. ಹರಾಜು ಕೂಗುವ ಕಟ್ಟೆ, ಎಲ್ಲರೂ ಗುರುತಿರುವ ಜನ, ಅಲ್ಲಿಗೆ ಅಣ್ಣ ಹೋಗುವುದಿಲ್ಲ ಎಂದು ಅವನಿಗೆ ಗೊತ್ತು. ನಾನು ಅವನ ಅಂಗಿ ಹಿಡಿದು ಜಗ್ಗಿದೆ.

ದಸ್ತಗೀರಸಾಬ ಎದ್ದು ನಿಂತ. ಕಿಟಕಿಯಿಂದ ಪೇಟೆಯ ಗದ್ದಲ ಕೇಳುತ್ತಿತ್ತು. ಮಧ್ಯಾಹ್ನದ ಹರಾಜು ಶುರುವಾಗಿತ್ತು. ಯಾರೋ ಹೊಸಬ ಕೂಗುತ್ತಿದ್ದ, ದನಿ ತೆಳ್ಳಗಿತ್ತು. ಆಮೇಲೆ ಅವನು ಹೊಸ ಟವೆಲಿನ ಮಡಿಕೆ ಬಿಚ್ಚಿ, ಫಕ್ಕೀರಪ್ಪನ ಬಲಗೈ ಹಿಡಿದು ಅದರ ಮೇಲೆ ಹೊದಿಸಿ, ತನ್ನ ಕೈಯನ್ನೂ ಒಳಗೆ ಹಾಕಿದ. ದನದ ಸಂತೆಯಲ್ಲಿ ಪಕ್ಕದವನಿಗೆ ತಿಳಿಯದಂತೆ ಟವೆಲಿನ ಕೆಳಗೆ ಬೆರಳು ಹಿಡಿದು ದರ ಹೇಳುತ್ತಾರಲ್ಲ, ಹಾಗೆ.

“ಏ ಏ ಏ!” ಎಂದು ಕೂಗಿದ ಫಕ್ಕೀರಪ್ಪ. “ಎಲಿ ಕಟ್ಟು ಒಂದಕ್ಕ ಇಷ್ಟಾ? ನಾ ಎಲಿ ಕೇಳಿದ್ನಿ, ಬಂಗಾರ ಕೇಳಲಿಲ್ಲ! ಇಳಸ್ರಿ, ಇಳಸ್ರಿ!” ತಾನೂ ಒಳಗಿನಿಂದ ಬೆರಳು ಒತ್ತಿದ. ದಸ್ತಗೀರಸಾಬ ಹುಬ್ಬೇರಿಸಿದ. ಮತ್ತೆ ಒತ್ತಿದ. “ಈಗ ದಾರಿಗೆ ಬಂದ್ರಿ! ನಡೀರಿ, ಆದ್ರ ಮಾಲು ನಾ ಕಣ್ಣಿಲೆ ನೋಡಬೇಕು.”

ಆಪರೇಶನ್ ಆದಮೇಲೆ ಎಂಟು ತಿಂಗಳು ಆ ಕೈ ಯಾರ ಜೊತೆಗೂ ಮಾತಾಡಿರಲಿಲ್ಲ. ಈಗ ಟವೆಲಿನ ಕೆಳಗೆ ಅದು ಬೇಗ ಬೇಗ ಆಡುತ್ತಿತ್ತು.

ಫಕ್ಕೀರಪ್ಪ ಮೊದಲು ಮೆಟ್ಟಿಲಿಳಿದ. ಇಳಿಯುತ್ತಲೂ ಮಾತಾಡುತ್ತಿದ್ದ. ದಸ್ತಗೀರಸಾಬ ಹೊಸ ಟವೆಲನ್ನು ಹೆಗಲಿಗೆ ಹಾಕಿಕೊಂಡು ಬಾಗಿಲಿನ ತನಕ ಹೋದವನು ನಿಂತು ತಿರುಗಿದ. ಆಟದ ಗದ್ದಲದಲ್ಲಿ ಸೆಕೆಯಾಗಿ ಬಿಚ್ಚಿಟ್ಟಿದ್ದ ಅವನ ಹಳೆಯ ಟವೆಲ್ ಕುರ್ಚಿಯ ಬೆನ್ನಿನ ಮೇಲಿತ್ತು.

“ಇರ್ಲಿ ಅಣ್ಣಾ, ಅಲ್ಲೇ ಇರ್ಲಿ,” ಎಂದ ಮುಬಶೀರ. “ಹೆಂಗೂ ಬರ್ತಿಯಲ್ಲ.”

ಅವನು ಬಂದು ಅದನ್ನು ಎತ್ತಿಕೊಂಡ. ಆಟ ಸಾಕು ಎಂದು ಕಟ್ಟೆಯಿಂದ ಏಳುವವರ ಹಾಗೆ ಗಾಳಿಯಲ್ಲಿ ಒಂದು ಸಲ ಝಾಡಿಸಿದ. ಬ್ಯಾಟರಿಯ ಧೂಳು ಬಿಸಿಲಿನಲ್ಲಿ ಎದ್ದಿತು. ಕುತ್ತಿಗೆಗೆ ಸುತ್ತಿಕೊಂಡು ಮೆಟ್ಟಿಲಿಳಿದು ಹೋದ.

ಮುಬಶೀರ ಸಂಜೆಯ ತನಕ ಬಾಗಿಲು ನೋಡುತ್ತ ಕೂತ. ದಸ್ತಗೀರಸಾಬ ಬರಲಿಲ್ಲ. ಮರುದಿನವೂ ಬರಲಿಲ್ಲ, ಎಲೆ ಪೇಟೆಯಲ್ಲಿದ್ದ.